ಕಾಶಿ ವಿಮಾನಕ್ಕೆ ನನ್ನ ಆಧಾರ್ ಜೆರಾಕ್ಸ್

ಜುಲೈ 8, ಸೋಮವಾರ

ಎಂಟನೇ ಕ್ಲಾಸಿನ ಲೆಕ್ಕದ ಟೆಸ್ಟ್ ಪೇಪರು ಅರ್ಧ ತಿದ್ದಿದೆ. ಹನ್ನೊಂದು ಜನ ಒಂದೇ ತಪ್ಪು ಮಾಡಿದ್ದಾರೆ. ಕಾಪಿ, ಮತ್ತೇನು? ನನ್ನ ಕಣ್ಣಿಗೆ ಮಣ್ಣೆರಚುವವರು ಕುದೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಸಂಜೆ ಹೊಂಗನೂರಿನಿಂದ ತಮ್ಮ ಜಯಕುಮಾರನ ಫೋನ್. ಯುಗಾದಿಯ ಜಗಳದ ನಂತರ ಇದೇ ಮೊದಲು. ಅಪ್ಪನ ಜಮೀನಿನಲ್ಲಿ ನನ್ನ ಪಾಲು ಬೇಡವೆಂದು ಸೈನ್ ಹಾಕು ಅಂದಿದ್ದ. ಹಾಕದೆ, ಒಬ್ಬಟ್ಟೂ ತಿನ್ನದೆ ಎದ್ದು ಬಂದಿದ್ದೆ. ಆಮೇಲೆ ಆ ಕಡೆ ತಲೆ ಹಾಕಿಲ್ಲ.

"ಅಕ್ಕ, ಅವ್ವುನ್ನ ಕಾಶಿಗೆ ಕರ್ಕಂಡೋಗಾನ. ಸಣ್ಣ ಪ್ಲೇನು, ಒಂಬತ್ತು ಸೀಟಿಂದು. ನಾವೇ ಬಾಡ್ಗೆಗೆ ತಕಳಾದು."

"ಕುಡ್ದಿದ್ದೀಯೇನ್ಲಾ?"

"ಇಲ್ಲ ಕಣಕ್ಕ. ಪ್ಲೇನು ಸಣ್ದಲ್ವಾ, ಎಲ್ಲಾರ್ ತೂಕನೂ ಕೇಳ್ತಾವ್ರೆ. ನಿಂದೂ ಮನೋಹರ್ ಭಾವಂದೂ ತೂಕ ಹೇಳು. ಹಂಗೇ ಆಧಾರ್ ಜೆರಾಕ್ಸ್ ಕಳ್ಸು, ಸೈನ್ ಮಾಡಿ."

ಆಧಾರ್ ಜೆರಾಕ್ಸ್. ಸೈನ್ ಮಾಡಿ. ಬಂತಲ್ಲ ದಾರಿಗೆ!

ಜುಲೈ 9

ಮನೋಹರ್ ಕಾಫಿ ಕುಡಿಯುತ್ತಾ ನಕ್ಕರು. "ನಿಂಗೆ ಹಗ್ಗ ಎಲ್ಲ ಹಾವೇ ಕಣೆ. ಪುಕ್ಸಟ್ಟೆ ಪ್ಲೇನು, ಹೋಗ್ಬರಾನ ಬುಡು."

ಇವರಿಗೆ ಹೊಟ್ಟೆ ತುಂಬಿದರೆ ಲೋಕವೆಲ್ಲ ಒಳ್ಳೆಯದೇ. ಕಾಶಿಗೆ ರೈಲಿದೆ, ದೊಡ್ಡ ವಿಮಾನವೂ ಇದೆ. ಬಾಡಿಗೆ ವಿಮಾನವೇ ಏಕೆ? ಅದೂ ಹೋದ ತಿಂಗಳು ತಾನೇ ಕಾರು ಮಾರಿ ಬಸ್ಸಿನಲ್ಲಿ ಓಡಾಡುತ್ತಿರುವವನು! ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು ಅಕ್ಕಂದಿರ ಕೈಲಿ ಸೈನ್ ಹಾಕಿಸಿಕೊಂಡ ತಮ್ಮಂದಿರನ್ನು ನೋಡಿದ್ದೇನೆ. ನನ್ನ ತಮ್ಮ ಸೀರೆಯ ಬದಲು ವಿಮಾನ ತಂದಿದ್ದಾನೆ, ಅಷ್ಟೆ.

ಜೆರಾಕ್ಸ್ ಕೊಡುವುದಿಲ್ಲ.

ಜುಲೈ 14, ಭಾನುವಾರ

ಅವ್ವನ ಜೊತೆ ಮಾತು. ದನಿ ಸಣ್ಣದಾಗಿತ್ತು. ನೆಗಡಿಯಂತೆ.

ಕಾಶಿಯ ಆಸೆ ಅವಳದೇ. ಅಪ್ಪ ಊರವರ ಜೊತೆ ಬಸ್ಸಿನಲ್ಲಿ ಹೋದಾಗ ಇವಳು ಹೋಗಲಿಲ್ಲ. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. "ನಿಮ್ಮಪ್ಪ ದೇವ್ರು ನೋಡ್ಬಂದ, ನಾನು ಹುಳ ನೋಡ್ಕಂಡಿದ್ದೆ" ಅನ್ನುತ್ತಿದ್ದಳು. ಅದನ್ನು ಜಯ ಚೆನ್ನಾಗಿ ಬಳಸಿಕೊಳ್ಳುತ್ತಿದ್ದಾನೆ.

"ನೀನು ಬತ್ತೀಯ ತಾನೆ? ನೀನಿಲ್ದೆ ನಾನು ಹತ್ತಾಕಿಲ್ಲ ಕಣವ್ವ."

ಯಾರೋ ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಿದ್ದ ಹಾಗಿತ್ತು. ಒಂದು ಹೆಂಗಸಿನ ದನಿಯೂ ಕೇಳಿಸಿತು. ವಿಡಿಯೋ ಹಾಕು ಅಂದೆ, ಫೋನ್ ಕಟ್ಟಾಯಿತು.

ಜುಲೈ 17

ಜಯ ವಾಟ್ಸಾಪಿನಲ್ಲಿ ಲಿಸ್ಟ್ ಕಳಿಸಿದ. ಆಗಸ್ಟ್ 2ಕ್ಕೆ ಪ್ರಯಾಣವಂತೆ. ಹೆಸರು, ಪಕ್ಕದಲ್ಲಿ ತೂಕ. ನನ್ನದೂ ಮನೋಹರ್‌ದೂ ಖಾಲಿ. ಜಯಕುಮಾರ್ 81. ಕೆಂಚಮ್ಮ 39. ಸುಹಾನಾ 54.

ಸುಹಾನಾ ಯಾರು? ಸಾಕ್ಷಿ ಹಾಕುವವಳೋ, ಪತ್ರ ಬರೆಯುವವಳೋ? ಇನ್ನೇನಾದರೂ... ಛೀ.

ಮತ್ತೆ ಅವ್ವ 39? ಅವಳು ಅರವತ್ತು ಕೇಜಿಯ ಮೇಲಿನ ಆಳು, ಸೊಪ್ಪಿನ ಹೊರೆ ಹೊತ್ತವಳು. ಅವ್ವನ ತೂಕ ಇಳಿಸಿ ಬರೆದು ಇನ್ನೇನು ತುಂಬಿಸುತ್ತಾನೋ! ಲೆಕ್ಕದ ಟೀಚರಾದ ನನಗೇ ತಪ್ಪು ಲೆಕ್ಕ.

ಜುಲೈ 29

ಹನ್ನೆರಡು ದಿನದಲ್ಲಿ ಒಂಬತ್ತು ಸಲ ಫೋನ್ ಮಾಡಿದ್ದಾನೆ. ಎತ್ತಲಿಲ್ಲ. ಇವತ್ತು ಸ್ಕೂಲಿನ ನಂಬರಿಗೇ ಮಾಡಿದ.

"ಅಕ್ಕ, ಎಲ್ಲಾರ್ ಆಧಾರೂ ಇಲ್ದೆ ಎರಡ್ನೇ ತಾರೀಕಿಗೆ ಆಗಾಕಿಲ್ಲ ಅಂದ್ಬುಟ್ರು. ಇನ್ನು ಪ್ಲೇನ್ ಖಾಲಿ ಇರಾದು ಹದ್ನೆಂಟಕ್ಕೇಯ. ಕೈ ಮುಗೀತೀನಿ, ಕಳ್ಸಕ್ಕ."

ಕೈ ಮುಗಿದನಲ್ಲ, ಅಲ್ಲೇ ಗೊತ್ತಾಯಿತು ಅವಸರ. ಕಳಿಸಿದೆ — ಆದರೆ ಜೆರಾಕ್ಸಿನ ಮೇಲೆ ಅಡ್ಡಡ್ಡ ಗೆರೆ ಎಳೆದು "ಕಾಶಿ ವಿಮಾನ ಪ್ರಯಾಣಕ್ಕೆ ಮಾತ್ರ" ಅಂತ ಬರೆದು, ತಾರೀಕು ಹಾಕಿ. ಈಗ ಯಾವ ರಿಜಿಸ್ಟ್ರಾರ್ ಆಫೀಸಿನಲ್ಲಿ ನಡೆಯುತ್ತದೋ ನೋಡೋಣ. ಖುಷಿಯಾಯಿತು.

ಆಗಸ್ಟ್ 11, ಭಾನುವಾರ

ಹೇಳದೆ ಕೇಳದೆ ಹೊಂಗನೂರಿಗೆ ಹೋದೆ. ಕಳ್ಳನನ್ನು ಕೈಯಾರೆ ಹಿಡಿಯಲು.

ಹುಳು ಮನೆಯ ಬಾಗಿಲು ತೆರೆದಿತ್ತು. ಗೂಡು ತೂಗುವ ಸ್ಕೇಲಿನ ಮೇಲೆ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಮೇಲೆ ಅವ್ವ. ಜಯ ಅವಳ ಪಾದ ನೆಲಕ್ಕೆ ತಾಗದಂತೆ ಎತ್ತಿ ಹಿಡಿದಿದ್ದ. ಒಬ್ಬ ಹುಡುಗಿ ನಂಬರ್ ಓದಿ, ಕುರ್ಚಿಯ ತೂಕ ಕಳೆದು ಹೇಳಿದಳು. "ಮೂವತ್ತಾರು ಅಣ್ಣ." ಅವಳೇ ಸುಹಾನಾ. ರಾಮನಗರದಿಂದ ಬರುವ ನರ್ಸು.

ಅವ್ವನ ಹೊಟ್ಟೆಯಲ್ಲಿ ಗಡ್ಡೆ. ಏಪ್ರಿಲ್ ಕೊನೆಗೇ ಗೊತ್ತಾಗಿದೆ. ಕೂರಲು ಆಗುವುದಿಲ್ಲ, ಆ ವಿಮಾನದಲ್ಲಾದರೆ ಮಲಗಿಸಿಕೊಂಡು ಹೋಗಬಹುದು. ಕಾರು ಮಾರಿದ್ದು ಅದಕ್ಕೇ.

"ನಾನೇ ಹೇಳ್ಬ್ಯಾಡ ಅಂದೆ" ಅಂದಳು ಅವ್ವ. "ನೀನು ಅಳ್ತಾ ಬರಾದ್ಕಿಂತ ಇವ್ನ ಜೊತೆ ಜಗಳ ಆಡ್ತಾ ಬರಾದೇ ಚಂದ."

ಹಿತ್ತಿಲಲ್ಲಿ ಜಯನನ್ನು ಕೇಳಿದೆ, ಹಾಗಾದರೆ ಯುಗಾದಿಯ ಸೈನು?

"ಅದು ನಂಗೇ ಬೇಕಾಗಿತ್ತು ಕಣಕ್ಕ, ಸುಳ್ಯಾಕೇಳಾನ. ಇದು ಬ್ಯಾರೆ."

ಅವನನ್ನು ಹಿಡಿದುಕೊಂಡು ಅತ್ತೆ. ವಾಪಸ್ ಕುದೂರಿಗೆ ಹೋಗಲಿಲ್ಲ. ರಜೆ ಹಾಕಿದ್ದೇನೆ.

ಆಗಸ್ಟ್ 14

ಪೇಷಂಟ್ ಹತ್ತಿಸಲು ಡಾಕ್ಟರ ಲೆಟರ್ ಬೇಕು. ಜಯನ ಜೊತೆ ನಾನೂ ಹೋದೆ. ಡಾಕ್ಟರು ನಿನ್ನೆಯ ರಿಪೋರ್ಟ್ ನೋಡಿ ಅಡ್ಡಡ್ಡ ತಲೆಯಾಡಿಸಿದರು.

"ಎರಡನೇ ತಾರೀಕಿಗೆ ಅಂತ ಬರೆದುಕೊಟ್ಟಿದ್ದೆನಲ್ಲ, ಆಗ ಯಾಕೆ ಹೋಗಲಿಲ್ಲ? ಈಗ ಆಗುವುದಿಲ್ಲ."

ಜಯ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟ.

ಆಗಸ್ಟ್ 18, ಭಾನುವಾರ, ಬೆಳಿಗ್ಗೆ 8

ಅವ್ವ ಬೆಳಿಗ್ಗೆಯೇ ಹೊಸ ಸೀರೆ ಕೇಳಿದಳು. ಸುಹಾನಾ ಉಡಿಸಿದಳು.

"ಯಾವಾಗ ಹೊರಡಾದ್ಲಾ?"

"ಇವತ್ತಾಗಾಕಿಲ್ಲ ಕಣವ್ವ. ಕಾಶಿ ಕಡೆ ಸ್ಯಾನೆ ಮಳೆ ಅಂತೆ, ಪ್ಲೇನ್ ಬುಡ್ತಿಲ್ವಂತೆ."

"ಎರಡ್ನೇ ತಾರೀಕು ಯಾಕ್ ಬುಡ್ಲಿಲ್ಲ?"

"ಅವತ್ತೂ ಮಳೆನೇಯ."

ಹಾಸಿಗೆಯ ಪಕ್ಕದಲ್ಲೇ ನಿಂತಿದ್ದೆ. ಅವನು ಅಷ್ಟು ಸಲೀಸಾಗಿ ಹೇಳಿದ ಸುಳ್ಳು, ನನಗಾಗಿ. ಅವ್ವ ಹೂಂ ಅಂದು ನನ್ನ ಕೈ ಹಿಡಿದುಕೊಂಡಳು. "ನೀನಾದ್ರೂ ಬಂದ್ಯಲ್ಲ."

ತಡೆಯಲಾರದೆ ಈಚೆ ಬಂದು ಬರೆಯುತ್ತಿದ್ದೇನೆ. ಅವಳು ಎಚ್ಚರವಾಗಿದ್ದಾಳೆ. ಮಳೆಯಲ್ಲ ಅವ್ವ, ನಾನು ಅಂತ ಹೇಳಿಬಿಡಬೇಕು. ಈಗಲೇ. ಜಯ ಬೇಡ ಅಂತ ಬಾಗಿಲಲ್ಲೇ ನಿಂತಿದ್ದಾನೆ. ಆದರೂ ಹೋಗಿ ಹೇಳುತ್ತೇನೆ.