ಸಾಕ್ಷಿಗೆ ಎರಡೇ ದಾರಿ

ಥಾರ್ಗೆಲಿಯೋನ್ ತಿಂಗಳು, ಎಂಟು

ಹೇಸರಗತ್ತೆಗೆ ಮೇವು ಹಾಕಿ ಬಂದು ಕೂತೆ. ಇದುವರೆಗೆ ಯಾರಿಗೂ ಹೇಳಿಲ್ಲ — ಆ ಚಿನ್ನದ ಬಟ್ಟಲನ್ನು ನಾನು ನೋಡಿದ್ದೆ. ಹೋದ ವರ್ಷ ಚಿಕ್ಕಪ್ಪ ಅಥೆನ್ಸಿನ ರಾಯಭಾರಿಯಾಗಿ ಮ್ಯಾಸಿಡೋನಿಯದ ರಾಜನ ಬಳಿ ಹೋದಾಗ ಹಾಸಿಗೆ ಹೊತ್ತು ಜೊತೆಗಿದ್ದವನು ನಾನೇ. ರಾಜ ಕೊಟ್ಟ ಬಟ್ಟಲು ಅದೇ ಹಾಸಿಗೆಯಲ್ಲಿ ಸುತ್ತಿಕೊಂಡು ಬಂತು.

ಈಗ ಸಭೆಯಲ್ಲಿ ಚಿಕ್ಕಪ್ಪನ ಹಳೆಯ ಎದುರಾಳಿ ಕೋಮಿಯಾಸ್ ಅವನ ಮೇಲೆ ಮೊಕದ್ದಮೆ ಹೂಡಿದ್ದಾನೆ. ಲಂಚ ತಿಂದು ಊರನ್ನೇ ಮಾರಿದನಂತೆ. ಸೋತರೆ ಚಿಕ್ಕಪ್ಪನಿಗೆ ಸಾವು. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು...

ಹನ್ನೊಂದು

ನ್ಯಾಯಸ್ಥಾನದಲ್ಲಿ ಆಡುವ ಭಾಷಣ ಬರೆದುಕೊಡುವ ಎವೇನೋಸ್ ಮತ್ತೆ ಬಂದಿದ್ದ. ಚಿಕ್ಕಪ್ಪ ಅಂಗಳದಲ್ಲಿ ಅಡ್ಡಾಡುತ್ತ ಬಾಯಿಪಾಠ ಮಾಡುತ್ತಾನೆ. ದನಿ ಎಲ್ಲಿ ನಡುಗಬೇಕು, ಮಕ್ಕಳನ್ನು ಯಾವಾಗ ಮುಂದೆ ತರಬೇಕು — ಎವೇನೋಸ್ ತಿದ್ದುತ್ತಾನೆ. ನಾನು ಹತ್ತಿರ ಹೋದರೆ ಇಬ್ಬರೂ ಸುಮ್ಮನಾಗುತ್ತಾರೆ. ಇಂಥದ್ದನ್ನೇ ಕಲಿಸುತ್ತಾರೆಂದು ಭಾಷಣದ ಶಾಲೆ ಬಿಟ್ಟೆ. ಶಾಲೆ ಮನೆಗೇ ಬಂತು.

ನನ್ನ ಸಾಕ್ಷಿಯನ್ನೂ ಅವನೇ ಬರೆದಿದ್ದಾನೆ. ಯಾವ ಉಡುಗೊರೆಯೂ ಬರಲಿಲ್ಲ ಎಂದು. ಹೌದು ಅನ್ನಬೇಕು. ಇಲ್ಲವೇ, ನನಗೇನೂ ಗೊತ್ತಿಲ್ಲ ಎಂದು ಆಣೆ ಇಡಬೇಕು. ಕಾನೂನಿನಲ್ಲಿ ಮೂರನೆಯದಿಲ್ಲ. ಎರಡೂ ಸುಳ್ಳು.

ಚಿಕ್ಕಮ್ಮ ಅಂಜೂರ ಮುಂದಿಟ್ಟಳು. "ಒಂದು ಹೌದು ಅಂದ್ರೆ ನಿನ್ನ ನಾಲಿಗೆ ಸವೆದುಹೋಗುತ್ತೇನೋ?"

ತಿನ್ನಲಾಗಲಿಲ್ಲ.

ಹದಿನಾರು, ಸಂಜೆ

ಮುಗಿಯಿತು. ಬೆಂಚುಗಳ ಮೇಲೆ ತೀರ್ಪು ಕೊಡುವ ಐನೂರು ಜನ. ಸಾಕ್ಷಿ ಓದುವಾಗ ಹೊತ್ತು ಅಳೆಯುವ ಗಡಿಗೆಯ ನೀರನ್ನು ತಡೆದರು. ತೊಟ್ಟಿಕ್ಕುವ ಸದ್ದೂ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಬರೆದದ್ದು ನಿಜ ಅಲ್ಲ. ಗೊತ್ತಿಲ್ಲ ಅಂತಾನೂ ಆಣೆ ಇಡಲ್ಲ."

ಗದ್ದಲ. ಚಿಕ್ಕಪ್ಪ ಬೆಚ್ಚಲಿಲ್ಲ. ಮಕ್ಕಳನ್ನು ಹತ್ತಿರ ಎಳೆದುಕೊಂಡ. ದನಿ ನಡುಗಿತು.

"ಅಥೆನ್ಸಿನವರೇ, ನನ್ನ ರೊಟ್ಟಿ ತಿಂದು ಬೆಳೆದ ಹುಡುಗ ಇವನು. ಕೋಮಿಯಾಸ್ ಇವನನ್ನೂ ಕೊಂಡುಕೊಂಡ. ನನ್ನ ಮನೇಲಿ ಕೊಳ್ಳೋದಕ್ಕೆ ಇನ್ನು ಈ ಕೂಸುಗಳೇ ಉಳಿದಿರೋದು."

ಮುಂದಿನ ಸಾಲಿನ ಮುದುಕನೊಬ್ಬ ಕಣ್ಣೊರೆಸಿಕೊಂಡ. ಒಂದು ಕ್ಷಣ ನಾನೇ ನಂಬಿಬಿಟ್ಟೆ.

ಚಿಕ್ಕಪ್ಪನಿಗೆ ಬಿಡುಗಡೆ.

ಹದಿನೆಂಟು

ಮೀನಿನ ಅಂಗಡಿಯವನೂ ಕೇಳಿದ, ಎಷ್ಟಕ್ಕೆ ಮಾರಿಕೊಂಡೆ ಅಂತ. ನಿಜ ಹೇಳಿದರೆ ನಗುತ್ತಾನೆ.

ಚಿಕ್ಕಪ್ಪ ಮನೆಯಿಂದ ಅಟ್ಟುತ್ತಾನೆ ಅಂದುಕೊಂಡಿದ್ದೆ. ಇಲ್ಲ. ಪಕ್ಕದಲ್ಲಿ ಕೂತು ದ್ರಾಕ್ಷಾರಸಕ್ಕೆ ತಾನೇ ನೀರು ಬೆರೆಸಿ ಕೊಟ್ಟ. "ಸಿಟ್ಟಿಲ್ಲ ಮಗಾ. ನಾನು ಸಾಕ್ಷಿಗೆ ಕರೀದೇ ಇದ್ದಿದ್ರೆ ನಿನ್ನನ್ನ ಕೋಮಿಯಾಸ್ ಕರೀತಿದ್ದ. ನಿನ್ನ ಬಾಯಲ್ಲಿ ಸುಳ್ಳು ಬರಲ್ಲ ಅಂತ ನಂಗೊತ್ತಿಲ್ವಾ? ಅವನು ನಿನ್ನನ್ನ ಕೊಂಡುಕೊಂಡ ಅನ್ನೋ ಮಾತನ್ನ ಮೊದಲೇ ಬರೆಸಿಟ್ಟಿದ್ದೆ."

ತಲೆ ಸವರಿದ. ಇಲ್ಲೇ ಇರು, ಎಲ್ಲಿಗೂ ಹೋಗಬೇಡ ಅಂದ.

ಅಂಗಳದಲ್ಲಿ ಇಬ್ಬರೂ ನನ್ನನ್ನು ಕಂಡು ಸುಮ್ಮನಾಗುತ್ತಿದ್ದದ್ದು ಆ ಸಾಲಿಗೇ.

ಬಂದರಿನಲ್ಲಿ ಒಂದು ಉಪ್ಪಿನ ಹಡಗಿದೆ. ನಾಳೆ ಹೊರಡುತ್ತೇನೆ.