ಆಕ್ಸಿಲರೇಟರ್ ಮೇಲಿನ ಕಾಲು

ಅಪ್ಪಾ,

ನೀನು ಹೋದಮೇಲೆ ನಿನ್ನ ಸೆಕೆಂಡ್ ಹ್ಯಾಂಡ್ ಕಾರು ಮೂಲೆ ಹಿಡಿದಿತ್ತು. ಇವತ್ತು ಸ್ಟಾರ್ಟ್ ಮಾಡಿದರೆ ಕೀರಲು ದನಿಯಲ್ಲಿ ಅರಚಿತು. ಮೆಕ್ಯಾನಿಕ್ ಬಂದವನು ಬಾನೆಟ್ ಕೂಡ ಎತ್ತದೆ, "ಇದರ ಕಥೆ ಮುಗೀತಮ್ಮ, ಮಾರಿಬಿಡಿ" ಅಂದು ಹೋದ. ನನಗೆ ಮೈ ಉರಿಯಿತು.

ಮೊದಲೆಲ್ಲ ಕಾರು ಹೀಗೆ ಅರಚಿದರೆ ನೀನು ಬಾನೆಟ್ಟಿನೊಳಗೆ ತಲೆ ತೂರಿಸಿ ಸದ್ದು ಕೇಳುತ್ತಿದ್ದೆ, ನಾನು ಕಾರಿನಲ್ಲಿ ಕೂತು ಆಕ್ಸಿಲರೇಟರ್ ಒತ್ತುತ್ತಿದ್ದೆ. ನೀನು "ಸಾಕು ಬಿಡಮ್ಮ" ಅನ್ನುವವರೆಗೆ ಕಾಲು ತೆಗೆಯುವ ಹಾಗಿರಲಿಲ್ಲ. ಇವತ್ತು ನಿನ್ನ ಜಾಗದಲ್ಲಿ ಫೋನನ್ನು ರೆಕಾರ್ಡಿಂಗಿಗೆ ಇಟ್ಟೆ. ನೀನು ಮಾಡುತ್ತಿದ್ದ ಹಾಗೆಯೇ, ಎಂಜಿನ್ನಿನ ಓಡುತ್ತಿರುವ ಬೆಲ್ಟಿಗೆ ನೀರು ಚಿಮುಕಿಸಿ, ಹೋಗಿ ಕೂತು ಒತ್ತಿದೆ.

ಆಮೇಲೆ ರೆಕಾರ್ಡಿಂಗ್ ಕೇಳಿಸಿಕೊಂಡೆ. ನೀರು ಬಿದ್ದೊಡನೆ ಅರಚಾಟ ನಿಂತಿದೆ. ಅಂದರೆ ಸವೆದಿರುವುದು ಬೆಲ್ಟ್ ಅಷ್ಟೇ, ಎಂಜಿನ್ ಗಟ್ಟಿಯಾಗಿದೆ. ಅದಾದಮೇಲೆ ನನ್ನದೇ ದನಿ: "ಸಾಕಾ, ಅಪ್ಪಾ?"

ಮುಂದೆ ತುಂಬ ಹೊತ್ತು ಬರೀ ಎಂಜಿನ್ ಸದ್ದು. ನಾನು ಕಾಲು ತೆಗೆದಿಲ್ಲ.