ಬೆಕ್ಕಿನ ಕಿಂಡಿ

ರೀ,

ಇದನ್ನು ಯಾವ ವಿಳಾಸಕ್ಕೆ ಕಳಿಸಲಿ? ಆದರೂ ಹೇಳುತ್ತೇನೆ. ಇವತ್ತು ಹಿಂದಿನ, ಪಕ್ಕಕ್ಕೆ ಸರಿಸುವ ಗಾಜಿನ ಬಾಗಿಲಿಗೆ ಬೆಕ್ಕು ಓಡಾಡುವ ಕಿಂಡಿ ಹಾಕಿಸಿದೆ. ನೀವು ಹೇಳದೆ ಕೇಳದೆ ಹೋದಿರಲ್ಲ, ಅದೇ ಬಾಗಿಲಿಗೆ. ಅವತ್ತಿನಿಂದ ನಿಮ್ಮ ಬೆಕ್ಕು ಅಲ್ಲೇ ಕೂತು ಗಾಜು ಕೆರೆಯುತ್ತಿತ್ತು. ಎದ್ದೆದ್ದು ಬಾಗಿಲು ತೆಗೆದು ನನಗೂ ಸಾಕಾಗಿತ್ತು.

ಕಿಂಡಿ ಇರುವ ಉದ್ದನೆಯ ಹಲಗೆಯನ್ನು ಬಾಗಿಲು ಜಾರುವ ಜಾಗದಲ್ಲೇ ನಿಲ್ಲಿಸುತ್ತಾರೆ. ಹಾಗಾಗಿ ಬಾಗಿಲು ಹಳೆಯ ಬೀಗದವರೆಗೆ ಬರುವುದಿಲ್ಲ. ನೀವು ತೆಗೆದುಕೊಂಡು ಹೋದ ಕೀಲಿಗೆ ಇನ್ನು ಕೆಲಸವಿಲ್ಲ. ಹೊಸ ಬೀಗವೇ ಹಾಕಬೇಕು, ಅದನ್ನು ಒಳಗಿನಿಂದ ಮಾತ್ರ ತೆಗೆಯಬಹುದು.

ಬೀಗದವನು ಅದನ್ನು ಕೂರಿಸುವ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ.

"ಹೊರಗಿಂದ ಕಿಂಡಿಯೊಳಗೆ ಕೈ ಹಾಕಿದ್ರೆ ಎಟುಕುತ್ತೇನಪ್ಪ?" ಅಂತ ಅತ್ತೆ ಕೇಳಿದರು.

"ಎಂಥಾ ಕಳ್ಳನಿಗೂ ಎಟುಕಲ್ಲಮ್ಮ. ನಿಶ್ಚಿಂತೆಯಾಗಿ ಮಲ್ಕೊಳ್ಳಿ."

ನಿಮ್ಮಮ್ಮ ಸುತ್ತು ಹಾಕಿಕೊಂಡು ಹಿತ್ತಲಿಗೆ ಹೋದರು. ಆ ಮಂಡಿನೋವಿನಲ್ಲೂ ನೆಲಕ್ಕೆ ಕೂತು, ಕಿಂಡಿಯೊಳಗೆ ಭುಜದವರೆಗೂ ಕೈ ತೂರಿಸಿ ಆ ಗುರುತಿಗಾಗಿ ತಡಕಾಡಿದರು. ಸಿಗಲಿಲ್ಲ.

"ಸ್ವಲ್ಪ ಕೆಳಗೆ ಹಾಕಿದ್ರೆ ಸಾಕಪ್ಪ," ಅಂದರು ಗಾಜಿನ ಆಚೆಯಿಂದ. "ನನ್ನ ಮಗನ ಕೈ ನನ್ನದಕ್ಕಿಂತ ಉದ್ದ."

ಬೀಗದವನು ನನ್ನ ಮುಖ ನೋಡಿದ.

"ಗುರುತು ಹಾಕಿರೋ ಕಡೆನೇ ಹಾಕಿ," ಅಂದೆ.

ಡ್ರಿಲ್ ಶುರುವಾಯಿತು. ಅತ್ತೆ ಇನ್ನೂ ಕೈ ಎಳೆದುಕೊಂಡಿರಲಿಲ್ಲ.